ಬೆಳ್ಳಿ ಗಾಡಿಯ ಒಡೆಯ ವಾಲಿ ಬೈಯಮ್

ಕಾರಿನ ಹಿಂದೆ ಕೊಂಡಿ ಹಾಕಿಕೊಂಡು ಸಾಗುವ, ಬೆಳ್ಳಿಯಂತೆ ಹೊಳೆಯುವ, ಮೂಲೆಗಳೇ ಇಲ್ಲದ ಗುಂಡಗಿನ ಗಾಲಿಮನೆಯೊಂದನ್ನು ಹಾಲಿವುಡ್ ಸಿನಿಮಾಗಳಲ್ಲಾದರೂ ನೋಡಿದವರು ಬಹಳ ಮಂದಿ ಇದ್ದಾರೆ. ಅದರ ಹೆಸರು ಏರ್‌ಸ್ಟ್ರೀಮ್. ಅದನ್ನು ಮಾಡಿದವರ ಹೆಸರು ವಾಲಿ ಬೈಯಮ್. ಅಮೆರಿಕದ ಆರ್ಥಿಕತೆ ನೆಲಕಚ್ಚಿದ ಕಾಲದಲ್ಲಿ, ಯಾರಿಗೂ ಅಗತ್ಯವಿಲ್ಲದ ವಸ್ತುವೊಂದನ್ನು ಮಾರಲು ಹೊರಟು ಗೆದ್ದ ಮನುಷ್ಯ ಅವರು. 1962ರಲ್ಲಿ ಅವರು ತೀರಿಕೊಂಡರು. ಆಮೇಲೆ ಅವರ ಕಂಪನಿ ಎರಡು ಸಲ ಕೈ ಬದಲಾಯಿಸಿತು, ಒಮ್ಮೆ ಮುಳುಗುವ ಅಂಚಿಗೂ ಬಂತು. ಆದರೂ ಅದು ಇಂದಿಗೂ ಉಳಿದಿದೆ. ಅವರ ಜೊತೆಗೆ ಗಾಡಿ ಮಾಡಲು ತೊಡಗಿದ್ದ ನೂರಾರು ಕಂಪನಿಗಳ ಹೆಸರು ಮಾತ್ರ ಇಂದು ಯಾರಿಗೂ ನೆನಪಿಲ್ಲ. ಇದು ಹೇಗಾಯಿತು ಎಂಬುದೇ ಬೈಯಮ್ ಅವರ ಕಥೆ.

ಕುರಿ ಕಾಯುವ ಹುಡುಗ

ವಾಲಿ ಬೈಯಮ್ ಹುಟ್ಟಿದ್ದು 1896ರ ಜುಲೈ 4ರಂದು, ಅಮೆರಿಕದ ಆರೆಗಾನ್ ರಾಜ್ಯದ ಬೇಕರ್ ಸಿಟಿಯಲ್ಲಿ. ಅವರು ಚಿಕ್ಕವರಿದ್ದಾಗಲೇ ತಂದೆ ತಾಯಿ ಬೇರೆಯಾದರು. ಹದಿಹರೆಯದಲ್ಲಿ ಕುರಿ ಕಾಯುವ ಕೆಲಸ ಅವರ ಪಾಲಿಗೆ ಬಂತು. ಕುರಿಮಂದೆಯ ಜೊತೆ ಬೆಟ್ಟಗುಡ್ಡ ಅಲೆಯುವಾಗ ಅವರಿಗೆ ಇದ್ದ ಮನೆಯೆಂದರೆ ಕತ್ತೆ ಎಳೆಯುವ ಎರಡು ಗಾಲಿಯ ಮರದ ಗಾಡಿ. ಅದರಲ್ಲಿ ಇದ್ದದ್ದು ಒಂದು ಸೀಮೆಎಣ್ಣೆ ಒಲೆ, ಮಲಗಲು ಹಾಸಿಗೆ ಚೀಲ, ತೊಳೆಯಲು ಒಂದು ಬಕೆಟ್. ಅಷ್ಟೇ! ಮನುಷ್ಯನಿಗೆ ಬದುಕಲು ಎಷ್ಟು ಕಡಿಮೆ ಸಾಮಾನು ಸಾಕು, ಆ ಸಾಮಾನನ್ನು ಎಷ್ಟು ಸಣ್ಣ ಜಾಗದಲ್ಲಿ ಜೋಡಿಸಬಹುದು ಎಂಬ ಪಾಠ ಅವರಿಗೆ ಅಲ್ಲಿಯೇ ಸಿಕ್ಕಿತು.

ಮುಂದೆ ಅವರು ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷ ಸಮುದ್ರ ಸುತ್ತಿದರು. ಹಡಗಿನ ಕೋಣೆಯೂ ಕುರಿಗಾಹಿಯ ಗಾಡಿಯಂತೆಯೇ. ಒಂದಿಂಚು ಜಾಗವೂ ವ್ಯರ್ಥವಾಗುವಂತಿಲ್ಲ. ಬಳಿಕ ದುಡಿಯುತ್ತಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, 1920ರ ದಶಕದ ಆರಂಭದಲ್ಲಿ ಪದವಿ ಪಡೆದು ಲಾಸ್ ಏಂಜಲೀಸ್ ನಗರಕ್ಕೆ ಬಂದರು. ಅಲ್ಲಿ ಪತ್ರಿಕೆಗೆ ಜಾಹೀರಾತು ಬರೆದರು, ಸ್ವಂತ ಜಾಹೀರಾತು ಸಂಸ್ಥೆ ನಡೆಸಿದರು, ನಿಯತಕಾಲಿಕಗಳನ್ನೂ ಪ್ರಕಟಿಸಿದರು. ಗಾಡಿ ಮಾಡುವ ಮೊದಲೇ ಅವರಿಗೆ ಮಾತಿನಿಂದ ವಸ್ತು ಮಾರುವ ವಿದ್ಯೆ ಚೆನ್ನಾಗಿ ಬರುತ್ತಿತ್ತು. ಈ ಮಾತು ಮುಖ್ಯ. ಯಾಕೆಂದರೆ ಅವರ ಕಾಲದ ಬಹುಪಾಲು ಟ್ರೇಲರ್ ತಯಾರಕರು ಬಡಗಿಗಳೋ ಮೆಕ್ಯಾನಿಕ್‌ಗಳೋ ಆಗಿದ್ದರು. ಗಾಡಿ ಮಾಡಲು ಅವರಿಗೆ ಬರುತ್ತಿತ್ತು, ಗಿರಾಕಿಯನ್ನು ಹಿಡಿದಿಟ್ಟುಕೊಳ್ಳಲು ಬರುತ್ತಿರಲಿಲ್ಲ.

ಹೆಂಡತಿಗೆ ಒಗ್ಗದ ಟೆಂಟು

ಬೈಯಮ್ ಅವರಿಗೆ ಬಯಲಲ್ಲಿ ಬಿಡಾರ ಹೂಡುವ ಹುಚ್ಚು. ಅವರ ಮೊದಲ ಹೆಂಡತಿ ಮರಿಯನ್ ಅವರಿಗೆ ಟೆಂಟಿನಲ್ಲಿ ನೆಲದ ಮೇಲೆ ಮಲಗುವುದು ಒಗ್ಗುತ್ತಿರಲಿಲ್ಲ. ಅದಕ್ಕೆ ಬೈಯಮ್ ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ಅಡಿಗಟ್ಟಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ಟೆಂಟು ಕಟ್ಟಿದರು. ಅದೂ ಸರಿಹೋಗಲಿಲ್ಲ. ಟೆಂಟು ಕಟ್ಟುವುದೇ ಒಂದು ರಗಳೆ, ಮಳೆ ಬಂದರೆ ಇನ್ನೊಂದು ರಗಳೆ. ಕೊನೆಗೆ ಟೆಂಟು ಕಿತ್ತುಹಾಕಿ, ನೀರಹನಿಯ ಆಕಾರದಲ್ಲಿ ಗಟ್ಟಿ ಗೋಡೆಯ ಗೂಡೊಂದನ್ನು ಕಟ್ಟಿದರು. ಒಳಗೆ ಒಲೆ, ಐಸ್ ಪೆಟ್ಟಿಗೆ, ಮಲಗುವ ಜಾಗ. ದಾರಿಯಲ್ಲಿ ಅದನ್ನು ಕಂಡವರೆಲ್ಲ ನಿಲ್ಲಿಸಿ ವಿಚಾರಿಸತೊಡಗಿದರು.

ಇದನ್ನು ನೂರು ಡಾಲರಿನೊಳಗೆ ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆಂದು ಬೈಯಮ್ ಲೇಖನ ಬರೆದರು. ನಕ್ಷೆಗಳನ್ನು ಅಂಚೆಯಲ್ಲಿ ಮಾರಿದರು. ನಕ್ಷೆ ಕೊಂಡವರಲ್ಲಿ ಹಲವರು, ನೀವೇ ಮಾಡಿಕೊಡಿ ಎಂದು ಕೇಳಿಕೊಂಡರು. ಲಾಸ್ ಏಂಜಲೀಸ್‌ನ ಅವರ ಮನೆಯ ಹಿತ್ತಲೇ ಮೊದಲ ಕಾರ್ಖಾನೆಯಾಯಿತು. ಅಷ್ಟರಲ್ಲಿ 1929ರ ಷೇರುಪೇಟೆ ಕುಸಿತ ಬಂದು ಅವರ ಪ್ರಕಾಶನದ ವ್ಯವಹಾರ ಕೈಕೊಟ್ಟಿತು. ಹವ್ಯಾಸಕ್ಕೆಂದು ಇಟ್ಟುಕೊಂಡಿದ್ದ ಕೆಲಸವೇ ಹೊಟ್ಟೆಪಾಡಾಯಿತು. 1931ರಲ್ಲಿ ಕಲ್ವರ್ ಸಿಟಿಯಲ್ಲಿ ಸಣ್ಣ ಕಾರ್ಖಾನೆ ತೆರೆದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಊರಿಗೆ ಊರೇ ಕೆಲಸ ಕಳೆದುಕೊಂಡು ಕೂತಿದ್ದಾಗ ಪ್ರವಾಸದ ಗಾಡಿಯನ್ನು ಕೊಳ್ಳುವವರು ಯಾರು? ಉತ್ತರ ಸರಳ. ಹಣವಿದ್ದವರು ಹಡಗು ಹತ್ತಿ ವಿದೇಶಕ್ಕೆ ಹೋಗುವ ಬದಲು ಅಗ್ಗದ ಪ್ರವಾಸ ಹುಡುಕಿದರು. ಕೆಲಸ ಹುಡುಕಿ ಊರೂರು ಅಲೆಯುವವರಿಗೆ ಬಾಡಿಗೆ ಇಲ್ಲದ ಮನೆ ಬೇಕಿತ್ತು. ಹೀಗಾಗಿ 1930ರ ದಶಕದ ನಡುವಿನ ವರ್ಷಗಳಲ್ಲಿ ಟ್ರೇಲರ್ ಉದ್ಯಮ ಹಬ್ಬಿತು. ನೂರಾರು ಕಂಪನಿಗಳು ಹುಟ್ಟಿಕೊಂಡವು. ಈ ಕಸುಬು ಶುರುಮಾಡಲು ದೊಡ್ಡ ಯಂತ್ರಗಳು ಬೇಕಿರಲಿಲ್ಲ. ಒಂದು ಷೆಡ್ಡು, ನಾಲ್ಕು ಬಡಗಿಗಳು, ಸ್ವಲ್ಪ ಪ್ಲೈವುಡ್ ಇದ್ದರೆ ಸಾಕಿತ್ತು. ಆದರೆ ಸುಲಭವಾಗಿ ಶುರುವಾದದ್ದು ಸುಲಭವಾಗಿಯೇ ಮುಚ್ಚಿಯೂ ಹೋಗುತ್ತದೆ. ಆಗ ಎಲ್ಲರಿಗಿಂತ ದೊಡ್ಡದಾಗಿದ್ದ ಡೆಟ್ರಾಯಿಟ್ ಕಡೆಯ ಕವರ್ಡ್ ವ್ಯಾಗನ್ ಕಂಪನಿ 1936ರಲ್ಲಿ ಸಾವಿರಗಟ್ಟಲೆ ಗಾಡಿ ಮಾರಿತ್ತು. ಮುಂದಿನ ದಶಕ ಮುಗಿಯುವ ಮುನ್ನ ಅದು ಇಲ್ಲವಾಯಿತು.

ದಿವಾಳಿಯಾದವರಿಂದ ಬಂದ ಬೆಳ್ಳಿ

ಬೈಯಮ್ ತಮ್ಮ ಗಾಡಿಯಲ್ಲಿ ಮಾಡಿದ ಮೊದಲ ಸುಧಾರಣೆ ಚಿಕ್ಕದು, ಆದರೆ ಜಾಣತನದ್ದು. ಗಾಲಿಗಳ ನಡುವೆ ನೆಲವನ್ನು ತಗ್ಗಿಸಿ, ಸೂರನ್ನು ಎತ್ತರಿಸಿದರು. ಒಳಗೆ ಬಗ್ಗಿ ನಡೆಯುವ ಬದಲು ನೆಟ್ಟಗೆ ನಿಲ್ಲಲು ಸಾಧ್ಯವಾಯಿತು. 1934ರಲ್ಲಿ ಅವರು ಏರ್‌ಸ್ಟ್ರೀಮ್ ಎಂಬ ಹೆಸರನ್ನು ಬಳಸತೊಡಗಿದರು. ಗಾಳಿಯ ಹರಿವಿನಂತೆ ರಸ್ತೆಯಲ್ಲಿ ಜಾರಿಕೊಂಡು ಹೋಗುವ ಗಾಡಿ ಎಂಬುದು ಅದರ ಭಾವ.

ಆದರೆ ಆ ಗಾಡಿಗಳು ಇನ್ನೂ ಬೆಳ್ಳಿಯವಾಗಿರಲಿಲ್ಲ. ಬೆಳ್ಳಿಯ ಹೊಳಪು ಬಂದದ್ದು ಇನ್ನೊಬ್ಬರ ಸೋಲಿನಿಂದ. ಹಾಲೆ ಬೌಲಸ್ ಎಂಬವರು ವಿಮಾನ ಮತ್ತು ಗ್ಲೈಡರ್ ತಯಾರಿಕೆಯಲ್ಲಿ ಪಳಗಿದವರು. ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನ ತಯಾರಾಗುವಾಗ ಅದರ ಉಸ್ತುವಾರಿಯಲ್ಲಿ ಅವರೂ ಇದ್ದರು. ವಿಮಾನದ ಹೊರಮೈಯಂತೆಯೇ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿ ಬೌಲಸ್ 1934ರಲ್ಲಿ ರೋಡ್ ಚೀಫ್ ಎಂಬ ಟ್ರೇಲರ್ ಮಾಡಿದರು. ಹಗುರ, ಗಟ್ಟಿ, ಸುಂದರ. ಆದರೆ ದುಬಾರಿ. ಬಾಗಿಲು ಮುಂಭಾಗದಲ್ಲಿ, ಕೊಂಡಿಯ ಮೇಲೆಯೇ ಇತ್ತು. ಒಳಗೆ ಹೋಗಲು ಹರಸಾಹಸ ಮಾಡಬೇಕಿತ್ತು. 1936ರ ಹೊತ್ತಿಗೆ ಬೌಲಸ್ ಅವರ ಕಂಪನಿ ದಿವಾಳಿಯಾಯಿತು.

ಆ ಗಾಡಿಗಳನ್ನು ಮಾರುವ ಕೆಲಸದಲ್ಲಿ ಕೈಯಾಡಿಸಿದ್ದ ಬೈಯಮ್ ಅವರಿಗೆ ಅದರ ಒಳ್ಳೆಯದೂ ಕೆಟ್ಟದ್ದೂ ಗೊತ್ತಿತ್ತು. ಅವರು ಆ ವಿನ್ಯಾಸವನ್ನು ಕೈಗೆತ್ತಿಕೊಂಡರು. ಬಾಗಿಲನ್ನು ಪಕ್ಕಕ್ಕೆ ತಂದರು. ನಾಲ್ವರು ಮಲಗುವ ಜಾಗ, ಊಟದ ಮೇಜು, ನೀರಿನ ತೊಟ್ಟಿ, ವಿದ್ಯುತ್ ದೀಪ ಅಳವಡಿಸಿದರು. 1936ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ಎಂಬ ಹೆಸರಿನಲ್ಲಿ ಅದು ಹೊರಬಂತು. ಬೆಲೆ 1,200 ಡಾಲರ್. ಆ ಕಾಲಕ್ಕೆ ಅದರ ಅರ್ಧ ಹಣಕ್ಕೆ ಹೊಸ ಫೋರ್ಡ್ ಕಾರೇ ಸಿಗುತ್ತಿತ್ತು! ಆದರೂ ಬೇಡಿಕೆಗೆ ತಕ್ಕಷ್ಟು ಗಾಡಿ ಮಾಡಿಕೊಡುವುದು ಕಾರ್ಖಾನೆಗೆ ಕಷ್ಟವಾಯಿತು.

ಈ ಉದ್ಯಮದ ಒಂದು ನಿಯಮ ಇಲ್ಲಿ ಮೊದಲ ಸಲ ಕಾಣಿಸಿತು. ಹಿಂಜರಿತದಲ್ಲಿ ಒಂದು ಕಂಪನಿ ಬಿದ್ದಾಗ ಅದರ ಜ್ಞಾನ ಸಾಯುವುದಿಲ್ಲ. ಕೈಯಲ್ಲಿ ಕಾಸು, ತಲೆಯಲ್ಲಿ ಲೆಕ್ಕಾಚಾರ ಉಳಿಸಿಕೊಂಡವನ ಅಂಗಳಕ್ಕೆ ಅದು ಬಂದು ಸೇರುತ್ತದೆ. ಬೌಲಸ್ ಅವರಿಗೆ ಬೈಯಮ್ ಅವರಿಗಿಂತ ಹೆಚ್ಚು ತಾಂತ್ರಿಕ ತಿಳಿವಳಿಕೆ ಇತ್ತು. ಗಿರಾಕಿಯ ಕಷ್ಟ ಮಾತ್ರ ಬೈಯಮ್ ಅವರಿಗೆ ಹೆಚ್ಚು ಗೊತ್ತಿತ್ತು.

ಯುದ್ಧದ ಬೀಗ

ಎರಡನೇ ಮಹಾಯುದ್ಧಕ್ಕೆ ಅಮೆರಿಕ ಇಳಿದ ಮೇಲೆ ಅಲ್ಯೂಮಿನಿಯಂ ಎಲ್ಲವೂ ವಿಮಾನಗಳಿಗೆ ಮೀಸಲಾಯಿತು. ಪೆಟ್ರೋಲಿಗೂ ಟೈರಿಗೂ ಪಡಿತರ ಬಂತು. ಸರ್ಕಾರದ ಕೆಲಸಕ್ಕಲ್ಲದೆ ಬೇರೆ ಟ್ರೇಲರ್ ಮಾಡುವಂತಿರಲಿಲ್ಲ. ಬೈಯಮ್ ಕಾರ್ಖಾನೆಗೆ ಬೀಗ ಹಾಕಿದರು. ಯುದ್ಧ ಮುಗಿಯುವವರೆಗೂ ಲಾಸ್ ಏಂಜಲೀಸ್‌ನ ವಿಮಾನ ಕಾರ್ಖಾನೆಗಳಲ್ಲಿ ನೌಕರಿ ಮಾಡಿದರು. ಕೆಲವರು ಹೇಗಾದರೂ ಮಾಡಿ ಕಾರ್ಖಾನೆ ನಡೆಸಬೇಕೆಂದು ಸಾಲ ಮಾಡಿ ಮುಳುಗಿದರೆ, ಬೈಯಮ್ ಸುಮ್ಮನೆ ಮುಚ್ಚಿಕೊಂಡು ಕಾದರು. ವಿಮಾನ ಕಾರ್ಖಾನೆಯಲ್ಲಿ ಕಲಿತ ರಿವೆಟ್ ಕೆಲಸವೂ ತಗಡಿನ ಕೆಲಸವೂ ಮುಂದೆ ಅವರ ಕೈಹಿಡಿದವು.

ಯುದ್ಧ ಮುಗಿದಾಗ ಅವರ ಬಳಿ ಮತ್ತೆ ಕಾರ್ಖಾನೆ ತೆರೆಯುವಷ್ಟು ಬಂಡವಾಳವಿರಲಿಲ್ಲ. ಕರ್ಟಿಸ್ ರೈಟ್ ಹೆಸರಿನ ಕಂಪನಿಯೊಂದು ಟ್ರೇಲರ್ ಮಾಡಲು ಮುಂದಾಗಿತ್ತು. ಬೈಯಮ್ ಅಲ್ಲಿ ಸೇರಿ ತಮ್ಮ ಹಳೆಯ ಕ್ಲಿಪ್ಪರ್ ಅನ್ನು ಹೊಸ ರೂಪದಲ್ಲಿ ಮಾಡಿಕೊಟ್ಟರು. ವಿನ್ಯಾಸ ಅವರದು, ಕಂಪನಿ ಇನ್ನೊಬ್ಬರದು. ಈ ಜೋಡಿ ಬಹಳ ದಿನ ನಡೆಯಲಿಲ್ಲ. ಬೈಯಮ್ ಹೊರಬಂದು, 1948ರ ಹೊತ್ತಿಗೆ ಏರ್‌ಸ್ಟ್ರೀಮ್ ಹೆಸರಿನಲ್ಲೇ ಸ್ವಂತ ಕಂಪನಿಯನ್ನು ಮತ್ತೆ ನಿಲ್ಲಿಸಿದರು. ಮುಂದೆ ಸಾಯುವವರೆಗೂ ಅದರ ಚುಕ್ಕಾಣಿ ಅವರ ಕೈಯಲ್ಲೇ ಇತ್ತು.

ಆ ದಿನಗಳದ್ದೇ ಒಂದು ಚಿತ್ರ ಜಗತ್ಪ್ರಸಿದ್ಧವಾಯಿತು. ಫ್ರಾನ್ಸಿನ ಸೈಕಲ್ ಪಟು ಆಲ್ಫ್ರೆಡ್ ಲೆತೂರ್ನೆ 1941ರಲ್ಲಿ ಗಂಟೆಗೆ ಸುಮಾರು 175 ಕಿಲೋಮೀಟರ್ ವೇಗದಲ್ಲಿ ಸೈಕಲ್ ಓಡಿಸಿ ದಾಖಲೆ ಮಾಡಿದ್ದವರು. ಅವರು ತಮ್ಮ ಸೈಕಲ್ಲಿಗೆ ಏರ್‌ಸ್ಟ್ರೀಮ್ ಟ್ರೇಲರನ್ನೇ ಕಟ್ಟಿಕೊಂಡು ಎಳೆದರು. ಗಾಡಿ ಎಷ್ಟು ಹಗುರ ಎಂದು ಪುಟಗಟ್ಟಲೆ ಬರೆಯುವ ಅಗತ್ಯವೇ ಇರಲಿಲ್ಲ. ಆ ಒಂದು ಚಿತ್ರವೇ ಕಂಪನಿಯ ಗುರುತಾಗಿ ಉಳಿಯಿತು. ಹಳೆಯ ಜಾಹೀರಾತುಗಾರ ತಮ್ಮ ವಿದ್ಯೆಯನ್ನು ಮರೆತಿರಲಿಲ್ಲ!

ಓಹಿಯೋದ ಸಣ್ಣ ಊರು

ಅಮೆರಿಕದ ಪೂರ್ವ ಭಾಗದ ಗಿರಾಕಿಗಳಿಗೆ ಕ್ಯಾಲಿಫೋರ್ನಿಯಾದಿಂದ ಗಾಡಿ ಕಳಿಸುವುದು ದುಬಾರಿಯಾಗುತ್ತಿತ್ತು. 1952ರಲ್ಲಿ ಬೈಯಮ್ ಓಹಿಯೋ ರಾಜ್ಯದ ಜಾಕ್ಸನ್ ಸೆಂಟರ್ ಎಂಬ ಪುಟ್ಟ ಊರಿನಲ್ಲಿ ಇನ್ನೊಂದು ಕಾರ್ಖಾನೆ ತೆರೆದರು. ಅದಕ್ಕೆ ಹೊಸ ಕಟ್ಟಡ ಕಟ್ಟಲಿಲ್ಲ. ಯುದ್ಧಕಾಲದಲ್ಲಿ ಬಝೂಕಾ ಎಂಬ ಹೆಗಲ ಮೇಲಿನ ಫಿರಂಗಿ ತಯಾರಾಗುತ್ತಿದ್ದ ಖಾಲಿ ಕಟ್ಟಡವನ್ನೇ ಕೊಂಡರು. ಸುತ್ತಲೂ ಜೋಳದ ಹೊಲ. ಕೆಲಸಕ್ಕೆ ಬಂದವರು ರೈತರ ಮಕ್ಕಳು. ಅಲ್ಯೂಮಿನಿಯಂ ತಗಡನ್ನು ಒಬ್ಬರು ಒಳಗಿನಿಂದ, ಇನ್ನೊಬ್ಬರು ಹೊರಗಿನಿಂದ ಹಿಡಿದು ರಿವೆಟ್ ಹೊಡೆಯುವ ಕೆಲಸವನ್ನು ಅವರು ಕಲಿತರು. ಇಬ್ಬರ ಕೈ ಒಂದೇ ತಾಳಕ್ಕೆ ಬಂದರೆ ಮಾತ್ರ ರಿವೆಟ್ ಸರಿಯಾಗಿ ಕೂರುತ್ತದೆ. ಇಂದಿಗೂ ಆ ಊರಿನಲ್ಲಿ ಈ ಕೆಲಸ ಕೈಯಿಂದಲೇ ನಡೆಯುತ್ತದೆ.

ಕಾರು ಕಂಪನಿಗಳು ವರ್ಷಕ್ಕೊಂದು ಸಲ ಹೊಸ ರೂಪ ಕೊಟ್ಟು ಹಳೆಯ ಕಾರನ್ನು ಹಳತಾಗಿಸುತ್ತಿದ್ದ ಕಾಲವದು. ಬೈಯಮ್ ಆ ದಾರಿ ಹಿಡಿಯಲಿಲ್ಲ. ಸುಧಾರಣೆ ಮಾಡಬೇಕೇ ಹೊರತು ತೋರಿಕೆಗಾಗಿ ಬದಲಾವಣೆ ಬೇಡ ಎಂಬುದು ಅವರ ಪಟ್ಟು. 1957ರಲ್ಲಿ ಬಿಸಿನೀರು, ಶೌಚಾಲಯ, ದೀಪ ಎಲ್ಲವೂ ತನ್ನೊಳಗೇ ಇರುವ, ಹೊರಗಿನ ಯಾವ ಜೋಡಣೆಯೂ ಬೇಡದ ಗಾಡಿಯನ್ನು ಅವರು ಹೊರತಂದರು. ಆದರೆ ಹೊರ ಆಕಾರ ಹೆಚ್ಚುಕಡಿಮೆ ಅದೇ. ಇದರ ಲಾಭ ಎರಡು. ಹೊಸ ಅಚ್ಚು, ಹೊಸ ಉಪಕರಣಗಳಿಗೆ ಹಣ ಸುರಿಯಬೇಕಿಲ್ಲ. ಹತ್ತು ವರ್ಷ ಹಳೆಯ ಗಾಡಿಯೂ ಹೊಸದರಂತೆ ಕಾಣುವುದರಿಂದ ಮರುಮಾರಾಟದ ಬೆಲೆ ಬೀಳುವುದಿಲ್ಲ. ಕೆಟ್ಟ ಕಾಲದಲ್ಲಿ ಗಿರಾಕಿ ಯೋಚಿಸುವುದು ಇದನ್ನೇ. ನಾಳೆ ಮಾರಿದರೆ ಎಷ್ಟು ಬರುತ್ತದೆ?

ಗಾಡಿಗಳ ಸಾಲು, ಖಂಡಗಳ ಉದ್ದಕ್ಕೆ

ಬೈಯಮ್ ಅವರನ್ನು ಮನೆಮಾತಾಗಿಸಿದ್ದು ಕಾರ್ಖಾನೆಗಿಂತ ಹೆಚ್ಚಾಗಿ ಅವರು ನಡೆಸಿದ ಯಾತ್ರೆಗಳು. 1951ರ ಕೊನೆಯಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಿಂದ ಮೆಕ್ಸಿಕೊ ದಾಟಿ ಮಧ್ಯ ಅಮೆರಿಕಕ್ಕೆ ಹೋಗೋಣ ಬನ್ನಿ ಎಂದು ಅವರು ಟ್ರೇಲರ್ ಮಾಲೀಕರಿಗೆ ಕರೆಕೊಟ್ಟರು. 63 ಗಾಡಿಗಳು ಹೊರಟವು. ದಾರಿಯೆಂಬುದು ಹೆಸರಿಗೆ ಮಾತ್ರ. ಕೆಸರು, ಹೊಳೆ, ಕಡಿದಾದ ಬೆಟ್ಟ. ನಿಕರಾಗುವಾದ ಮನಾಗುವಾ ತಲುಪಿದ್ದು ಬರೀ 14 ಗಾಡಿಗಳು. ಬೇರೆ ಯಾರಾದರೂ ಆಗಿದ್ದರೆ ಇದನ್ನು ಸೋಲೆಂದು ಮುಚ್ಚಿಡುತ್ತಿದ್ದರು. ಬೈಯಮ್ ಅವರು ಮುರಿದ ಗಾಡಿಗಳಲ್ಲಿ ಏನು ಮುರಿಯಿತು, ಯಾಕೆ ಮುರಿಯಿತು ಎಂದು ನೋಡಿ ಮುಂದಿನ ಗಾಡಿಗಳನ್ನು ಬಲಪಡಿಸಿದರು. ಯಾತ್ರೆ ಅವರಿಗೆ ಪರೀಕ್ಷಾ ರಸ್ತೆಯೂ ಹೌದು, ಜಾಹೀರಾತೂ ಹೌದು. ಅದರ ಖರ್ಚಿನ ಬಹುಭಾಗವನ್ನು ಗಿರಾಕಿಗಳೇ ಸಂತೋಷದಿಂದ ಹೊರುತ್ತಿದ್ದರು!

1955ರಲ್ಲಿ ಕೆನಡಾದ ನೋವಾ ಸ್ಕೋಶಿಯಾದ ಕೆಂಟ್‌ವಿಲ್‌ನಲ್ಲಿ ಬಿಡಾರ ಹೂಡಿದ್ದಾಗ ಯಾತ್ರಿಕರೆಲ್ಲ ಸೇರಿ ಬೈಯಮ್ ಹೆಸರಿನಲ್ಲೇ ಕ್ಲಬ್ ಕಟ್ಟಿದರು. ನೀಲಿ ಟೋಪಿ ಅವರ ಗುರುತಾಯಿತು. 1956ರಲ್ಲಿ ಯುರೋಪ್ ಯಾತ್ರೆ ನಡೆಯಿತು. ಎಲ್ಲಕ್ಕಿಂತ ದೊಡ್ಡದು 1959ರಲ್ಲಿ ಹೊರಟ ಆಫ್ರಿಕಾ ಯಾತ್ರೆ. ದಕ್ಷಿಣದ ಕೇಪ್‌ಟೌನ್‌ನಿಂದ ಉತ್ತರದ ಕೈರೋವರೆಗೆ 41 ಗಾಡಿ, 106 ಮಂದಿ, ಸುಮಾರು 22,000 ಕಿಲೋಮೀಟರ್ ದಾರಿ. ಯಾತ್ರಿಕರಲ್ಲಿ ಹೆಚ್ಚಿನವರು ನಿವೃತ್ತರು. ಬೈಯಮ್ ಮತ್ತು ಅವರ ಹೆಂಡತಿ ಸ್ಟೆಲ್ಲಾ ಚಿನ್ನದ ಬಣ್ಣದ ಗಾಡಿಯಲ್ಲಿ ಮುಂದಾಳತ್ವ ವಹಿಸಿದ್ದರು. ಆಡಿಸ್ ಅಬಾಬಾದಲ್ಲಿ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಈ ಗಾಡಿಗಳನ್ನು ಕಂಡರು. 1960ರಲ್ಲಿ ಪಿರಮಿಡ್ಡುಗಳ ಬುಡದಲ್ಲಿ ಗಾಡಿಗಳು ಸಾಲಾಗಿ ನಿಂತ ಚಿತ್ರಗಳು ಲೋಕಕ್ಕೆ ಹಬ್ಬಿದವು.

ಈ ಕ್ಲಬ್ಬಿನಿಂದ ಕಂಪನಿಗೆ ಸಿಕ್ಕ ಬಲವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದು. ಹಿಂಜರಿತ ಬಂದಾಗ ಬೇರೆ ಕಂಪನಿಯ ಗಿರಾಕಿ ಮಾಯವಾಗುತ್ತಾನೆ. ಕ್ಲಬ್ಬಿನ ಸದಸ್ಯ ಮಾತ್ರ ಹಳೆಯ ಗಾಡಿಯನ್ನು ರಿಪೇರಿ ಮಾಡಿಸಿಕೊಂಡು ಬಳಗದಲ್ಲೇ ಉಳಿಯುತ್ತಾನೆ, ಕಾಲ ಸರಿಹೋದಾಗ ಹೊಸದನ್ನು ಕೊಳ್ಳುತ್ತಾನೆ.

ಮಿದುಳಿನ ಗೆಡ್ಡೆಯಿಂದ ಬಳಲಿದ ಬೈಯಮ್ 1962ರ ಜುಲೈ 22ರಂದು, ತಮ್ಮ 66ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕನಸು ಕಂಡಿದ್ದ ಲೋಕಯಾತ್ರೆ ಅವರಿಲ್ಲದೆಯೇ ನಡೆಯಿತು. 1963ರಲ್ಲಿ ಸಿಂಗಾಪುರದಿಂದ ಹೊರಟ ಗಾಡಿಗಳು ಭಾರತವನ್ನೂ ಹಾದು, 1964ರಲ್ಲಿ ಪೋರ್ಚುಗಲ್‌ನ ಲಿಸ್ಬನ್ ತಲುಪಿದವು.

ಹಾಲು ಬೆಣ್ಣೆ ಕಂಪನಿಯ ಕೈಯಲ್ಲಿ

ಒಡೆಯ ಹೋದ ಮೇಲೆ ಕಂಪನಿ ಯಾರದು? 1967ರಲ್ಲಿ ಏರ್‌ಸ್ಟ್ರೀಮ್ ಕಂಪನಿಯನ್ನು ಬಿಯಾಟ್ರಿಸ್ ಫುಡ್ಸ್ ಕೊಂಡಿತು. ಹಾಲು, ಬೆಣ್ಣೆ, ಮೊಟ್ಟೆ ವ್ಯಾಪಾರದಿಂದ ಬೆಳೆದ ಕಂಪನಿಯದು. ಸಿಕ್ಕಸಿಕ್ಕ ಉದ್ಯಮಗಳನ್ನೆಲ್ಲ ಕೊಳ್ಳುವುದು ಆ ಕಾಲದ ಗೀಳು. ಸೂಟ್‌ಕೇಸ್ ಮಾಡುವ ಸ್ಯಾಮ್ಸನೈಟ್, ಕಿತ್ತಳೆ ರಸದ ಟ್ರಾಪಿಕಾನಾ ಕೂಡ ಮುಂದೆ ಅದರ ಬುಟ್ಟಿಗೆ ಬಿದ್ದವು. ಮೊದಮೊದಲು ಏರ್‌ಸ್ಟ್ರೀಮ್‌ಗೆ ಇದರಿಂದ ಒಳ್ಳೆಯದೇ ಆಯಿತು. ಬಂಡವಾಳ ಬಂತು, ಮಾರಾಟ ಹೆಚ್ಚಿತು. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಮೂವರು ಗಗನಯಾತ್ರಿಗಳನ್ನು ಹೊರಗಿನವರ ಸಂಪರ್ಕ ತಪ್ಪಿಸಿ ಇರಿಸಿದ್ದು ಏರ್‌ಸ್ಟ್ರೀಮ್ ಗಾಡಿಯನ್ನೇ ಮಾರ್ಪಡಿಸಿದ ಕೋಣೆಯಲ್ಲಿ. ಅಧ್ಯಕ್ಷ ನಿಕ್ಸನ್ ಅದರ ಕಿಟಕಿಯಾಚೆ ನಿಂತು ಅವರನ್ನು ಮಾತನಾಡಿಸಿದರು.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಈ ಉದ್ಯಮದ ಬುಡವೇ ಅಲ್ಲಾಡಿತು. ಅದು ಚೇತರಿಸಿಕೊಳ್ಳುವಷ್ಟರಲ್ಲಿ 1979ರ ಇರಾನ್ ಕ್ರಾಂತಿ ಬಂತು. ಪೆಟ್ರೋಲ್ ಬಂಕ್‌ಗಳ ಮುಂದೆ ಸರದಿ. ಬ್ಯಾಂಕ್ ಬಡ್ಡಿ ಶೇ. 20ರ ಹತ್ತಿರ. ಪ್ರವಾಸಿ ವಾಹನ ವ್ಯಾಪಾರಕ್ಕೆ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಯಾಕೆಂದರೆ ಗಿರಾಕಿ ಕೊಳ್ಳುವುದು ಸಾಲದಲ್ಲಿ. ಡೀಲರ್ ತನ್ನ ಅಂಗಳದಲ್ಲಿ ಗಾಡಿ ತುಂಬಿಸಿಕೊಳ್ಳುವುದೂ ಸಾಲದಲ್ಲಿ. ಬಡ್ಡಿ ಏರಿದ ತಕ್ಷಣ ಡೀಲರ್ ಹೊಸ ಗಾಡಿ ತರಿಸುವುದನ್ನು ನಿಲ್ಲಿಸುತ್ತಾನೆ. ಅಂಗಡಿಯಲ್ಲಿ ಮಾರಾಟ ಅರ್ಧಕ್ಕೆ ಇಳಿದರೆ ಕಾರ್ಖಾನೆಗೆ ಬರುವ ಬೇಡಿಕೆ ಅದಕ್ಕಿಂತಲೂ ಕೆಳಗೆ ಬೀಳುತ್ತದೆ.

1979ರಲ್ಲಿ ಕ್ಯಾಲಿಫೋರ್ನಿಯಾದ ಏರ್‌ಸ್ಟ್ರೀಮ್ ಕಾರ್ಖಾನೆ ಮುಚ್ಚಿತು. ಆ ವರ್ಷ 2.2 ಕೋಟಿ ಡಾಲರ್ ಮಾರಾಟಕ್ಕೆ ಕಂಪನಿಗಾದ ನಷ್ಟ 1.2 ಕೋಟಿ ಡಾಲರ್. ನೂರಾರು ವ್ಯವಹಾರಗಳ ನಡುವೆ ಕುಳಿತ ಬಿಯಾಟ್ರಿಸ್‌ಗೆ ಇದೊಂದು ಬೇಡದ ಹೊರೆಯಾಗಿತ್ತು. ಜಾಕ್ಸನ್ ಸೆಂಟರ್ ಊರಿಗಾದರೋ ಇದೇ ಅನ್ನದ ತಟ್ಟೆ. ಮಾಲೀಕತ್ವ ದೂರದಲ್ಲಿದ್ದರೆ ಆಗುವ ಕಷ್ಟ ಇದು. ಲಾಭವಿದ್ದಾಗ ಯಾರಿಗೂ ಕಾಣದು, ನಷ್ಟವಾದಾಗ ಮೊದಲು ಕೈಬಿಡುವುದು ಇಂಥದ್ದನ್ನೇ.

ಇಬ್ಬರು ಗೆಳೆಯರು

ಆಗ ಬಂದವರು ವೇಡ್ ಥಾಂಪ್ಸನ್ ಮತ್ತು ಪೀಟರ್ ಆರ್ಥ್‌ವೈನ್. ಥಾಂಪ್ಸನ್ ನ್ಯೂಜಿಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ಇಬ್ಬರೂ ಸೇರಿ 1977ರಲ್ಲಿ ಹೈ-ಲೋ ಎಂಬ ಸಣ್ಣ ಟ್ರೇಲರ್ ಕಂಪನಿಯನ್ನು ಕೊಂಡಿದ್ದರು. 1980ರ ಆಗಸ್ಟ್ 29ರಂದು ಅವರು ಬಿಯಾಟ್ರಿಸ್‌ನಿಂದ ಏರ್‌ಸ್ಟ್ರೀಮ್ ಕೊಂಡರು. ತಮ್ಮಿಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಹೊಸ ಕಂಪನಿಗೆ ಥಾರ್ ಎಂದು ಹೆಸರಿಟ್ಟರು. ಎಲ್ಲರೂ ಮಾರಿ ಓಡುತ್ತಿದ್ದ ಹೊತ್ತಿನಲ್ಲಿ ಕೊಳ್ಳಲು ನಿಂತವರು ಇವರು!

ಅವರು ಹೊಸ ಮಂತ್ರವೇನನ್ನೂ ಹಾಕಲಿಲ್ಲ. ಖರ್ಚು ಕತ್ತರಿಸಿದರು, ಗುಣಮಟ್ಟದ ಕಡೆ ಗಮನ ಕೊಟ್ಟರು, ಡೀಲರುಗಳನ್ನು ಮತ್ತೆ ಹತ್ತಿರಕ್ಕೆ ತಂದರು. ಮೊದಲ ವರ್ಷವೇ ಏರ್‌ಸ್ಟ್ರೀಮ್ ನಷ್ಟದಿಂದ ಲಾಭಕ್ಕೆ ಮರಳಿತು. ಬಿಯಾಟ್ರಿಸ್ ಮಾತ್ರ 1986ರಲ್ಲಿ ದೊಡ್ಡ ಸಾಲದ ಖರೀದಿಯೊಂದಕ್ಕೆ ಸಿಲುಕಿ ತುಂಡುತುಂಡಾಗಿ ಮಾರಿಹೋಯಿತು. ಬೇಡವೆಂದು ಬಿಸಾಡಿದ ಗಾಡಿ ಉಳಿಯಿತು, ಬಿಸಾಡಿದವರು ಉಳಿಯಲಿಲ್ಲ.

ಮುಂದಿನ ವರ್ಷಗಳಲ್ಲಿ ಥಾರ್ ಹಿಡಿದದ್ದು ಒಂದೇ ದಾರಿ. ಕೆಟ್ಟ ಕಾಲದಲ್ಲೂ ಕೈಯಲ್ಲಿ ನಗದು ಇಟ್ಟುಕೊಳ್ಳುವುದು. ಸಾಲದಿಂದ ದೂರ ಇರುವುದು. ಸಿಕ್ಕ ಕಂಪನಿಯನ್ನು ಕೊಂಡರೂ ಅದರ ಹೆಸರು, ಊರು, ಮ್ಯಾನೇಜರುಗಳನ್ನು ಹಾಗೆಯೇ ಬಿಡುವುದು. ಅವರ ಸಂಬಳವನ್ನು ಅವರ ಘಟಕದ ಲಾಭಕ್ಕೇ ಕಟ್ಟುವುದು. ಹೀಗೆ ಡಚ್‌ಮನ್, ಫೋರ್ ವಿಂಡ್ಸ್, 2001ರಲ್ಲಿ ಕೀಸ್ಟೋನ್ ಬಂದು ಸೇರಿದವು. ಒಂದೇ ಒಡೆತನದ ಕಂಪನಿಗಳು ಪೇಟೆಯಲ್ಲಿ ಒಂದರ ಮೇಲೊಂದು ಪೈಪೋಟಿ ನಡೆಸಿದವು.

2008ರ ಹಿಂಜರಿತದಲ್ಲಿ ಈ ದಾರಿಗೆ ನಿಜವಾದ ಪರೀಕ್ಷೆ ಬಂತು. ಅಮೆರಿಕದ ಕಾರ್ಖಾನೆಗಳಿಂದ 2006ರಲ್ಲಿ ಸುಮಾರು 3.9 ಲಕ್ಷ ಪ್ರವಾಸಿ ವಾಹನಗಳು ಹೊರಬಿದ್ದಿದ್ದರೆ, 2009ರಲ್ಲಿ ಆ ಸಂಖ್ಯೆ 1.66 ಲಕ್ಷಕ್ಕೆ ಕುಸಿಯಿತು. ಈ ಉದ್ಯಮದ ತವರಾದ ಇಂಡಿಯಾನಾದ ಎಲ್ಕ್‌ಹಾರ್ಟ್ ಪ್ರದೇಶದಲ್ಲಿ ನಿರುದ್ಯೋಗ ಶೇ. 18 ದಾಟಿತು. ಫ್ಲೀಟ್‌ವುಡ್, ಮೊನಾಕೊ ಎಂಬ ದೊಡ್ಡ ಕಂಪನಿಗಳು 2009ರ ಮಾರ್ಚ್ ತಿಂಗಳಲ್ಲೇ ದಿವಾಳಿ ಅರ್ಜಿ ಹಾಕಿದವು. ಕೋಚ್‌ಮನ್ ತನ್ನ ವಾಹನ ವಿಭಾಗವನ್ನು ಫಾರೆಸ್ಟ್ ರಿವರ್ ಕಂಪನಿಗೆ ಮಾರಿತು. ಫಾರೆಸ್ಟ್ ರಿವರ್‌ನ ಬೆನ್ನ ಹಿಂದೆ 2005ರಿಂದ ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಇತ್ತು. ಥಾರ್ ಮಾರಾಟವೂ 264 ಕೋಟಿ ಡಾಲರಿನಿಂದ 152 ಕೋಟಿಗೆ ಇಳಿಯಿತು. ಏರ್‌ಸ್ಟ್ರೀಮ್‌ನಲ್ಲೂ ಕೆಲಸಗಾರರನ್ನು ತೆಗೆಯಬೇಕಾಯಿತು. ಆದರೆ ಕಂಪನಿಗೆ ಸಾಲದ ಕಂತು ಕಟ್ಟುವ ತಲೆನೋವಿರಲಿಲ್ಲ. ಹಾಗಾಗಿ ಅದು ಬೀಳಲಿಲ್ಲ. 2010ರಲ್ಲಿ ಹಾರ್ಟ್‌ಲ್ಯಾಂಡ್, 2016ರಲ್ಲಿ ಜೇಕೊ, 2019ರಲ್ಲಿ ಜರ್ಮನಿಯ ಹೈಮರ್ ಗುಂಪನ್ನು ಕೊಂಡು ಇನ್ನಷ್ಟು ಬೆಳೆಯಿತು. 2009ರ ನವೆಂಬರಿನಲ್ಲಿ ತೀರಿಕೊಂಡ ಥಾಂಪ್ಸನ್ ಈ ಬೆಳವಣಿಗೆಯನ್ನು ನೋಡಲಿಲ್ಲ.

ಉಳಿಸಿದ್ದು ಯಾವುದು?

ಒಡೆತನ ಬದಲಾದರೆ ಸಾಕು, ಕಂಪನಿ ಉಳಿಯುತ್ತದೆ ಎಂದು ಇದರಿಂದ ತಿಳಿಯಬೇಕಾಗಿಲ್ಲ. 1936ರಲ್ಲಿ ಬೌಲಸ್ ಅವರ ವಿನ್ಯಾಸ ಉಳಿದದ್ದು ಅದನ್ನು ಕೈಗೆತ್ತಿಕೊಂಡವರಿಗೆ ಗಾಡಿಯ ಮೇಲೆ ಪ್ರೀತಿ ಇದ್ದುದರಿಂದ. 1967ರ ಮಾರಾಟ ಹಣ ತಂದಿತು, ಕಷ್ಟ ಬಂದಾಗ ಜೊತೆಗೆ ನಿಲ್ಲಲಿಲ್ಲ. 1980ರ ಮಾರಾಟ ಉಳಿಸಿತು, ಯಾಕೆಂದರೆ ಕೊಂಡವರಿಗೆ ಅದೇ ಮುಖ್ಯ ಕಸುಬು. ಕೊಳ್ಳಲು ಯೋಗ್ಯವಾದದ್ದು ಏನಾದರೂ ಉಳಿದಿರಬೇಕಲ್ಲ? ಹೊಳೆಯುವ ಆ ಆಕಾರ, ಕೈಕೆಲಸ ಬಲ್ಲ ಊರು, ಗಾಡಿಯನ್ನು ಮಾರದೆ ಇಟ್ಟುಕೊಂಡ ಗಿರಾಕಿಗಳ ಬಳಗ. ಈ ಮೂರನ್ನೂ ಕೂಡಿಸಿಟ್ಟವರು ಬೈಯಮ್.

ಏರಿಳಿತ ಇನ್ನೂ ನಿಂತಿಲ್ಲ. ಕೋವಿಡ್ ಕಾಲದಲ್ಲಿ ವಿಮಾನ, ಹೋಟೆಲ್ ಬಿಟ್ಟು ಜನ ಗಾಲಿಮನೆಗೆ ಮುಗಿಬಿದ್ದು, 2021ರಲ್ಲಿ ಅಮೆರಿಕದಲ್ಲಿ 6 ಲಕ್ಷ ವಾಹನಗಳು ಕಾರ್ಖಾನೆಯಿಂದ ಹೊರಟವು. 2023ರಲ್ಲಿ ಅದು 3.13 ಲಕ್ಷಕ್ಕೆ ಇಳಿಯಿತು. ಕಾರಣ ಮತ್ತದೇ, ಏರಿದ ಬಡ್ಡಿ. ಜೋಳದ ಹೊಲಗಳ ನಡುವಿನ ಜಾಕ್ಸನ್ ಸೆಂಟರ್‌ನಲ್ಲಿ ಮಾತ್ರ ಇಬ್ಬರು ಕೆಲಸಗಾರರು ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಈಗಲೂ ರಿವೆಟ್ ಹೊಡೆಯುತ್ತಿದ್ದಾರೆ.